ಎಡಗಡೆಯೋ, ಬಲಗಡೆಯೋ?

ಸಾಸವಡದಲ್ಲಿ ಸಮುದ್ರವಿಲ್ಲ. ಇರೋದು ಕರ್ಹಾ ನದಿ, ಅದರಲ್ಲೂ ಬೇಸಿಗೆಯಲ್ಲಿ ನೀರು ಅಷ್ಟಕ್ಕಷ್ಟೆ. ಇಂಥ ಊರಲ್ಲಿ ಕೂತು ನಾನು ಕಳೆದ ವಾರವಿಡೀ ಹಡಗಿನ ನಕ್ಷೆ ನೋಡ್ತಾ ಇದ್ದೆ ಅಂದ್ರೆ ನಗಬೇಡಿ!

ಆಗಿದ್ದಿಷ್ಟು. ಮಗಳಿಗೆ ಅಜ್ಜಿಯನ್ನು ಮುಂಬಯಿ-ಗೋವಾ ಕ್ರೂಸ್‌ಗೆ ಕರೆದೊಯ್ಯುವ ಆಸೆ. "ಅಪ್ಪಾ, ದುಡ್ಡು ನಂದು, ಕ್ಯಾಬಿನ್ ನೀನು ಆರಿಸು" ಅಂದಳು. ಕಿಟಕಿಯೇ ಇಲ್ಲದ ಒಳಕೋಣೆ, ಗಾಜಿನ ಕಿಟಕಿಯದು, ಬಾಲ್ಕನಿಯದು... ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನಿಗೂ ತಲೆ ತಿರುಗಿತು. ಹಾಗಾಗಿ ಸ್ವಲ್ಪ ಇತಿಹಾಸ ಕೆದಕಿದೆ.

ಈ ತಲೆನೋವು ಹೊಸದಲ್ಲ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಬಿಳಿಯ ಸಾಹೇಬರು ಕೆಂಪು ಸಮುದ್ರ ದಾಟಿ ಮುಂಬಯಿಗೆ ಬರುತ್ತಿದ್ದರು. ಏಸಿ ಇಲ್ಲದ ಕಾಲ, ಕಬ್ಬಿಣದ ಹಡಗು, ಬಿಸಿಲಿಗೆ ಕೋಣೆ ಕಾದ ಕಾವಲಿ. ಪೂರ್ವಕ್ಕೆ ಬರುವಾಗ ಹಡಗಿನ ಎಡಮಗ್ಗುಲು, ಅಂದರೆ ಪೋರ್ಟ್, ಉತ್ತರಕ್ಕಿರುತ್ತದೆ. ಅಲ್ಲಿ ಬಿಸಿಲು ಕಡಿಮೆ. ವಾಪಸ್ ಹೋಗುವಾಗ ಬಲಮಗ್ಗುಲು, ಸ್ಟಾರ್‌ಬೋರ್ಡ್, ತಂಪು. 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್', ಇದರ ಮೊದಲಕ್ಷರಗಳಿಂದಲೇ 'ಪಾಶ್' ಎಂಬ ಪದ ಹುಟ್ಟಿತು ಅಂತ ನಾವೆಲ್ಲ ಕೇಳಿದ್ದೇವೆ. ಕತೆ ಚೆನ್ನಾಗಿದೆ, ಆದರೆ ಸುಳ್ಳು. ಆ ಅಕ್ಷರ ಒತ್ತಿದ ಪಿ ಅಂಡ್ ಓ ಕಂಪನಿಯ ಒಂದೇ ಒಂದು ಟಿಕೆಟ್ಟೂ ಸಿಕ್ಕಿಲ್ಲ, ನಿಘಂಟುಕಾರರೂ ಒಪ್ಪುವುದಿಲ್ಲ. ಬಿಸಿಲಿನ ಲೆಕ್ಕ ಮಾತ್ರ ನಿಜ.

ಕ್ಯಾಬಿನ್ ಸಿಗದೆ ಪರದಾಡಿದವರಲ್ಲಿ ಗಾಂಧೀಜಿಯೂ ಒಬ್ಬರು. 1893ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ ಫಸ್ಟ್ ಕ್ಲಾಸ್ ಪೂರ್ತಿ ಭರ್ತಿ. ಮೊಜಾಂಬಿಕ್‌ನ ಗವರ್ನರ್ ಜನರಲ್ ಅದೇ ಹಡಗಲ್ಲಿದ್ದರಂತೆ. ಡೆಕ್‌ನಲ್ಲಿ ಹೋಗಲು ಒಪ್ಪದ ಯುವ ಬ್ಯಾರಿಸ್ಟರ್ ನೇರ ಹಡಗು ಹತ್ತಿ ಚೀಫ್ ಆಫೀಸರ್‌ನನ್ನೇ ಕೇಳಿದರು. ಆತ ತನ್ನ ಕೋಣೆಯಲ್ಲಿದ್ದ ಹೆಚ್ಚಿನ ಬರ್ತ್ ಕೊಟ್ಟ!

ನಮ್ಮಪ್ಪನೂ ಕೇಳಿದ್ದರು. 1979, ನನಗಾಗ ಒಂಬತ್ತು. ಅಪ್ಪ ಮುಂಬಯಿಯ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ನನ್ನನ್ನೂ ಆಯಿಯನ್ನೂ ಕರೆದೊಯ್ಯಲು ಅಂಕೋಲೆಗೆ ಬಂದಿದ್ದರು. ಕೊಂಕಣ ರೈಲು ಪೂರ್ತಿಯಾಗಿದ್ದು 1998ರಲ್ಲಿ. ಕಾಳಿ ನದಿಗೂ ಆಗ ಹೆದ್ದಾರಿಯ ಸೇತುವೆ ಇಲ್ಲ. ಲಾಂಚಿನಲ್ಲಿ ದಾಟಿ, ಬಸ್ಸು ಹಿಡಿದು ಪಣಜಿ, ಅಲ್ಲಿಂದ ಸ್ಟೀಮರ್. ಮೊಘಲ್ ಲೈನಿನ 'ಕೊಂಕಣ ಶಕ್ತಿ', 'ಕೊಂಕಣ ಸೇವಕ' ಓಡಾಡುತ್ತಿದ್ದ ಕಾಲ. ಮಳೆಗಾಲದಲ್ಲಿ ಬಂದ್. ಸುಮಾರು ಒಂದು ಹಗಲು ಒಂದು ರಾತ್ರಿಯ ಪ್ರಯಾಣ, ಇಳಿಯೋದು ಭಾವೂಚಾ ಧಕ್ಕೆಯಲ್ಲಿ.

ಲೋವರ್ ಡೆಕ್ ಅಂದರೆ ಚಾದರ ಹಾಸಿದವನದೇ ಜಾಗ. ಈಗ ಪಾಲಖಿ ಬಂದಾಗ ಸಾಸವಡದಲ್ಲಿ ವಾರಕರಿಗಳು ಕಂಬಳಿ ಹಾಸುವುದು ಕಂಡರೆ ನನಗೆ ಅದೇ ನೆನಪು. ಎಂಜಿನ್ನಿನ ಸೆಕೆ, ಎಣ್ಣೆ ವಾಸನೆ, ಆಯಿಗೆ ಒಂದೇ ಸಮ ವಾಂತಿ. ಅಪ್ಪ ಎದ್ದು ಕ್ಯಾಬಿನ್ನಿನ ದರ ಕೇಳಿ ಬಂದರು. ಏನೂ ಹೇಳಲಿಲ್ಲ. ಸುಮ್ಮನೆ ಕೂತು ಟವೆಲ್ಲಿನಿಂದ ಆಯಿಗೆ ಗಾಳಿ ಹಾಕಿದರು. ದರ ಎಷ್ಟಿತ್ತೋ ನಾನು ಕೇಳಲೇ ಇಲ್ಲ. ಈಗ ಕೇಳೋಣವೆಂದರೆ ಅಪ್ಪ ಇಲ್ಲ.

1980ರ ದಶಕದ ಕೊನೆಯ ಹೊತ್ತಿಗೆ ಆ ಸ್ಟೀಮರ್ ನಿಂತಿತು. ಅದೇ ಮುಂಬಯಿಯಿಂದ 2021ರಲ್ಲಿ ಕಾರ್ಡೇಲಿಯಾ ಕ್ರೂಸ್ ಶುರುವಾಯಿತು. ಡೆಕ್ ಮೇಲೆ ಮಲಗಿದವರ ಮೊಮ್ಮಕ್ಕಳು ಈಗ ಬಾಲ್ಕನಿ ಆರಿಸುತ್ತಾರೆ.

ಸರಿ, ಲೆಕ್ಕಕ್ಕೆ ಬರೋಣ. ಹಡಗು ತಕ್ಕಡಿಯ ಹಾಗೆ: ತುದಿಗಳು ಏರಿಳಿಯುತ್ತವೆ, ನಡು ಕಡಿಮೆ ಅಲ್ಲಾಡುತ್ತದೆ. ಮೇಲೆ ಹೋದಷ್ಟೂ ಅಕ್ಕಪಕ್ಕದ ಓಲಾಟ ಜಾಸ್ತಿ. ಆದ್ದರಿಂದ ವಾಂತಿಯಾಗುವವರಿಗೆ ಕೆಳ ಅಂತಸ್ತಿನ ನಡುವಿನ ಕೋಣೆಯೇ ಮೇಲು. ತಲೆಯ ಮೇಲೆ ಡ್ಯಾನ್ಸ್ ಹಾಲ್ ಇಲ್ಲ ತಾನೇ ಅಂತ ನಕ್ಷೆಯಲ್ಲಿ ನೋಡಿಕೊಳ್ಳಿ. ಲಿಫ್ಟ್ ಹತ್ತಿರವಿರಲಿ, ಆದರೆ ಬಾಗಿಲಿಗೇ ಬೇಡ. ಒಳಕೋಣೆ ಅಗ್ಗ, ಆದರೆ ಬೆಳಗಾಯಿತೋ ರಾತ್ರಿಯೋ ತಿಳಿಯದು.

ಇಷ್ಟೆಲ್ಲ ವಿವರಿಸಿದ ಮೇಲೆ ಆಯಿ, "ನಂಗೆ ಕೋಣೆ ಎಂತಕೆ? ಅವರೇ ಕಾಣದ ಕೋಣೆ..." ಅಂದಳು. ನಾನೂ ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಅವಳೇ ಕೇಳಿದಳು: "ಊರಿನ ದಡ ಯಾವ ಬದಿಗೆ ಕಾಣ್ತದೆ?"

ಎರಡು ದಿನ ನಕ್ಷೆ ನೋಡಿದರೂ ನನಗೆ ಹೊಳೆಯದ ಪ್ರಶ್ನೆ! ಮುಂಬಯಿಯಿಂದ ದಕ್ಷಿಣಕ್ಕೆ ಹೊರಟರೆ ದಡ ಎಡಕ್ಕೆ, ಮರಳುವಾಗ ಬಲಕ್ಕೆ. ಮಧ್ಯಾಹ್ನದ ಬಿಸಿಲೂ ಹೋಗುವಾಗ ಎಡಕ್ಕೆ ಬೀಳದು. ಸಾಹೇಬರ ಪೋರ್ಟ್ ಔಟ್ ನಮಗೂ ಸರಿಹೋಯಿತು, ಆದರೆ ನಮಗದು ಊರ ಕಡೆ ಹೋಗುವ ದಾರಿ.

ರಾತ್ರಿ ಹಡಗು ದಡದಿಂದ ದೂರವೇ ಸಾಗುತ್ತದೆ. ಗೋವಾ ಆಚೆಗಿನ ಅಂಕೋಲೆಯಂತೂ ಕಾಣುವುದೇ ಇಲ್ಲ. ಆಯಿಗೆ ಅದನ್ನು ಹೇಳಲಿಲ್ಲ. ಮೂರನೇ ಅಂತಸ್ತು, ನಡುಭಾಗ, ಎಡಗಡೆ, ಕಿಟಕಿಯ ಕೋಣೆ ಬುಕ್ ಮಾಡಿದೆ.