ಮಿತ್ ರಹೀನಾ

ಮಿತ್ ರಹೀನಾ ಈಜಿಪ್ಟಿನ ಗೀಜಾ ಪ್ರಾಂತ್ಯದ ಒಂದು ಹಳ್ಳಿ. ಕೈರೋದಿಂದ ದಕ್ಷಿಣಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ನೈಲ್ ನದಿಯ ಪಶ್ಚಿಮ ಬಯಲಿನಲ್ಲಿದೆ. ಪ್ರಾಚೀನ ರಾಜಧಾನಿ ಮೆಂಫಿಸ್‌ನ ಅವಶೇಷಗಳು ಇಲ್ಲಿನ ಮನೆ, ಹೊಲ, ಖರ್ಜೂರದ ತೋಟಗಳ ನಡುವೆ ಚದುರಿಕೊಂಡಿವೆ; ಎಷ್ಟೋ ಭಾಗ ಅವುಗಳ ಅಡಿಯಲ್ಲೇ ಹೂತುಹೋಗಿದೆ.

ಕ್ರಿ.ಪೂ. 3100ರ ಸುಮಾರಿಗೆ ಮೇಲಣ ಮತ್ತು ಕೆಳಗಣ ಈಜಿಪ್ಟ್‌ಗಳು ಒಂದಾದ ಕಾಲಕ್ಕೆ ಮೆಂಫಿಸ್‌ನ ಮೂಲ ಹೋಗುತ್ತದೆ. ದೊರೆ ಮೆನೆಸ್ ನದಿಗೆ ಒಡ್ಡು ಹಾಕಿ, ಹರಿವನ್ನು ತಿರುಗಿಸಿ ಊರು ಕಟ್ಟಿದನೆಂಬ ಐತಿಹ್ಯವನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ. ಪಿರಮಿಡ್ಡುಗಳ ಯುಗದಲ್ಲಿ ಇದೇ ರಾಜಧಾನಿ. ಗೀಜಾದಿಂದ ದಹಶೂರ್‌ವರೆಗಿನ ಪಿರಮಿಡ್ ಸಾಲು ಈ ನಗರದ ಸ್ಮಶಾನಭೂಮಿ. ಮುಂದೆ ಥೀಬ್ಸ್ ಮೇಲೆದ್ದಾಗಲೂ ಪ್ತಾಹ ದೇವರ ಮಹಾಲಯದಿಂದಾಗಿ ಮೆಂಫಿಸ್‌ನ ಮಹತ್ವ ಕುಂದಲಿಲ್ಲ. ರೊಸೆಟ್ಟಾ ಶಿಲೆಯ ಮೇಲಿರುವ ಕ್ರಿ.ಪೂ. 196ರ ಶಾಸನ ಹೊರಟದ್ದೂ ಇಲ್ಲಿಂದಲೇ.

ಅಲೆಕ್ಸಾಂಡ್ರಿಯಾ ಬೆಳೆದಂತೆ ಮೆಂಫಿಸ್ ಸೊರಗಿತು. ಏಳನೆಯ ಶತಮಾನದಲ್ಲಿ ಅರಬರು ಫುಸ್ತಾತ್ ನಗರ ಕಟ್ಟಿದ ಮೇಲೆ ಇದರ ಕಲ್ಲುಗಳು ಹೊಸ ಕಟ್ಟಡಗಳಿಗೆ ಸಾಗಿದವು. ಆದರೂ ಕ್ರಿ.ಶ. 1200ರ ಸುಮಾರಿಗೆ ಬಂದ ಬಾಗ್ದಾದಿನ ವೈದ್ಯ ಅಬ್ದುಲ್ ಲತೀಫ್ ಇಲ್ಲಿನ ಅವಶೇಷಗಳನ್ನು ಕಂಡು ಬೆರಗಾಗಿದ್ದ.

ಇಷ್ಟು ದೊಡ್ಡ ನಗರದಲ್ಲಿ ಉಳಿದದ್ದು ಇಷ್ಟೇ ಏಕೆ? ಕಾರಣ ಮಣ್ಣಿನಲ್ಲಿದೆ. ಮನೆಗಳಷ್ಟೇ ಅಲ್ಲ, ಅರಮನೆಗಳ ಗೋಡೆಗಳೂ ಹಸಿ ಇಟ್ಟಿಗೆಯವು. ಕುಸಿದು ದಿಬ್ಬವಾದ ಆ ಮಣ್ಣನ್ನು ರೈತರು ‘ಸೆಬಾಖ್’ ಎಂದು ಕರೆದು, ಅಗೆದು ಹೊಲಕ್ಕೆ ಗೊಬ್ಬರವಾಗಿ ಹಾಕಿದರು. ನದಿಯೂ ಕಾಲಕ್ರಮೇಣ ಪೂರ್ವಕ್ಕೆ ಸರಿಯಿತು. ಅಂತರ್ಜಲ ಮೇಲೆಯೇ ಸಿಗುವುದರಿಂದ ಆಳದ ಉತ್ಖನನ ಇಂದಿಗೂ ಕಷ್ಟ.

ಇಲ್ಲಿನ ಬಯಲು ಮ್ಯೂಸಿಯಂನ ಮುಖ್ಯ ಆಕರ್ಷಣೆ ಎರಡನೆಯ ರಾಮ್ಸೆಸ್‌ನ ಸುಣ್ಣಕಲ್ಲಿನ ಬೃಹತ್ ಪ್ರತಿಮೆ. ಇಟಲಿಯ ಅನ್ವೇಷಕ ಕವೀಲಿಯಾ 1820ರಲ್ಲಿ ಇದನ್ನು ಪತ್ತೆಹಚ್ಚಿದ. ಕಾಲುಗಳ ಕೆಳಭಾಗ ಮುರಿದಿರುವ ಪ್ರತಿಮೆ ಅಂಗಾತ ಮಲಗಿದೆ. ಉಳಿದ ಭಾಗವೇ ಸುಮಾರು 10 ಮೀಟರ್ ಉದ್ದ. ಅದನ್ನಿರಿಸಿದ ಕಟ್ಟಡದ ಮೇಲಂತಸ್ತಿನಿಂದ ಬಗ್ಗಿ ನೋಡಿದರೆ ನುಣುಪಾದ ತುಟಿಗಳೂ, ಭುಜ, ಎದೆ, ನಡುಪಟ್ಟಿಗಳ ಮೇಲೆ ಕೊರೆದ ರಾಜನ ಹೆಸರೂ ಸ್ಪಷ್ಟವಾಗಿ ಕಾಣುತ್ತವೆ. ಅಂಗಳದಲ್ಲಿ 1912ರಲ್ಲಿ ಸಿಕ್ಕ ಅಲಬಾಸ್ಟರ್ ಸ್ಫಿಂಕ್ಸ್ ಇದೆ. ಪವಿತ್ರ ಆಪಿಸ್ ಹೋರಿಗಳ ಶವಸಂಸ್ಕಾರಕ್ಕೆ ಬಳಸಿದ ಕಲ್ಲಿನ ಹಾಸುಗಳು ಸಮೀಪದಲ್ಲೇ ಇವೆ. ಅವುಗಳ ಪಕ್ಕದಲ್ಲಿ ಸಿಂಹಗಳ ಕೆತ್ತನೆ, ತುದಿಯಲ್ಲಿ ದ್ರವ ಹರಿದುಹೋಗಲು ಕಿಂಡಿ.

ಇಲ್ಲಿಂದ ಹೊರಟುಹೋದವೂ ಕಡಿಮೆಯಲ್ಲ. ರಾಮ್ಸೆಸ್‌ನ ಇನ್ನೊಂದು ಪ್ರತಿಮೆ, ಕೆಂಪು ಗ್ರಾನೈಟಿನದು, 1955ರಲ್ಲಿ ಕೈರೋ ರೈಲು ನಿಲ್ದಾಣದ ಚೌಕ ಸೇರಿತು. ವಾಹನಗಳ ಹೊಗೆ ಮತ್ತು ಕಂಪನದಿಂದ ಪಾರುಮಾಡಲು 2006ರಲ್ಲಿ ಅದನ್ನು ಗೀಜಾಕ್ಕೆ ಒಯ್ದರು. ಈಗ ಅದು ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂನ ಪ್ರವೇಶಾಂಗಣದಲ್ಲಿದೆ. ದೊರೆ ಮೆರೆನ್‌ಪ್ತಾಹನ ಅರಮನೆಯ ಕಂಬ, ಬಾಗಿಲುವಾಡಗಳು ಅಮೆರಿಕದ ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂ ಪಾಲಾದವು.

ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1908ರಿಂದ 1913ರವರೆಗೆ ಇಲ್ಲಿ ಉತ್ಖನನ ನಡೆಸಿದ. ಈಜಿಪ್ಟ್ ಎಕ್ಸ್‌ಪ್ಲೊರೇಶನ್ ಸೊಸೈಟಿ 1981ರಲ್ಲಿ ಸಮೀಕ್ಷೆ ಆರಂಭಿಸಿ, ಕೊಳವೆ ಇಳಿಸಿ ತೆಗೆದ ಮಣ್ಣಿನ ಪದರಗಳಿಂದ ಹಳೆಯ ನದಿಪಾತ್ರ ಮತ್ತು ನಗರದ ಹರಹನ್ನು ಗುರುತಿಸಿತು. ಮೆಂಫಿಸ್ ಮತ್ತು ಅದರ ಸ್ಮಶಾನಭೂಮಿ 1979ರಿಂದ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಹತ್ತಿರದ ಪಿರಮಿಡ್ ತಾಣ ಸಕ್ಕಾರಾಕ್ಕೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ನೋಡುವುದು ಮಿತ್ ರಹೀನಾದ ಮ್ಯೂಸಿಯಂ ಅಂಗಳವನ್ನಷ್ಟೇ. ಅದರಾಚೆಯ ದಿಬ್ಬಗಳ ಅಂಚಿಗೆ ಹಳ್ಳಿಯ ಹೊಸ ಮನೆಗಳು ಒತ್ತಿ ನಿಂತಿವೆ.