ಕೋಲಾರದ ಸೋಮೇಶ್ವರನ ಅಂಗಳ

ನಗರದ ಚೌಕವೆಂದೊಡನೆ ವಿದ್ಯಾವಂತರಾದ ನಮ್ಮ ಮನಸ್ಸು ಇಟಲಿಯ ಕಡೆಗೆ ಹಾರುತ್ತದೆ. ಸಿಯೆನಾ ಪಟ್ಟಣದ 'ಕಾಂಪೊ' ಎಂಬ ಪ್ರಸಿದ್ಧ ಚೌಕದ ಇಟ್ಟಿಗೆಯ ನೆಲಗಟ್ಟು 1349ರಲ್ಲಿ ಮುಗಿಯಿತು. ಪುರಸಭೆಯ ಸೌಧವು ಅದಕ್ಕೆ ಅಭಿಮುಖವಾಗಿ ನಿಂತಿದೆ. ಅದೇ ಶತಮಾನದಲ್ಲಿ ಊರಿನ ಜನ ಕೂಡುವ ಎಡೆಯನ್ನು ನಮ್ಮವರು ಹೇಗೆ ಕಟ್ಟಿದರೆಂಬುದನ್ನು ಅರಿಯಬೇಕಾದರೆ ಕೋಲಾರದ ಸೋಮೇಶ್ವರ ದೇವಾಲಯವನ್ನು ನೋಡಬೇಕು.

ಕೋಲಾರವು ವಿಜಯನಗರಕ್ಕಿಂತಲೂ ಪುರಾತನವಾದ ಊರು. ಅಲ್ಲಿನ ಕೋಲಾರಮ್ಮನ ಗುಡಿಯಲ್ಲಿ 11ನೆಯ ಶತಮಾನದ ಚೋಳರ ತಮಿಳು ಶಾಸನಗಳುಂಟು. ಸೋಮೇಶ್ವರನ ಆಲಯವಾದರೋ ವಿಜಯನಗರ ಶೈಲಿಯದು. ಚೋಳರು ತಂಜಾವೂರಿನಲ್ಲಿ ಗರ್ಭಗೃಹದ ಮೇಲಣ ವಿಮಾನವನ್ನೇ ಮುಗಿಲೆತ್ತರಕ್ಕೆ ಏರಿಸಿದರು. ಮುಂದಿನ ಕಾಲದಲ್ಲಿ ಆ ಹಿರಿಮೆ ಬಾಗಿಲಿಗೆ ಬಂದಿತು. ಇಲ್ಲಿಯೂ ಎತ್ತರವೆಲ್ಲ ಮಹಾದ್ವಾರದ ಗೋಪುರದ್ದೇ. ಭಾರವನ್ನು ಹೊರಲು ಕೆಳಗೆ ಕಲ್ಲು, ಹಗುರವಾಗಲೆಂದು ಮೇಲಣ ನೆಲೆಗಳಿಗೆ ಇಟ್ಟಿಗೆ ಗಾರೆ. ದೂರದಿಂದ ಬರುವವನಿಗೆ ಮೊದಲು ಕಾಣಬೇಕಾದುದು ದೇವರ ತಲೆಯ ಮೇಲಣ ಶಿಖರವಲ್ಲ, ಒಳಗೆ ಬರುವ ದಾರಿ ಎಂದು ಆ ಶಿಲ್ಪಿಗಳು ಬಗೆದಂತಿದೆ.

ದ್ವಾರವನ್ನು ದಾಟಿದರೆ ಪ್ರಾಕಾರದ ವಿಶಾಲವಾದ ಅಂಗಳ. ಅಲ್ಲಿಯ ಕಲ್ಯಾಣಮಂಟಪದ ಕಂಬಗಳ ಕೆತ್ತನೆ ಬಹು ಸೂಕ್ಷ್ಮವಾದುದು. ಗರ್ಭಗೃಹವು ಕತ್ತಲೆಯದು, ಒಬ್ಬಿಬ್ಬರು ನಿಲ್ಲುವಷ್ಟು ಕಿರಿದು. ಕಲ್ಯಾಣಮಂಟಪವಾದರೋ ಹೊರಬೆಳಕಿಗೆ ತೆರೆದುದು. ದೇವರ ಮದುವೆಯನ್ನು ಊರಿಗೆ ಊರೇ ನೋಡಬೇಕಷ್ಟೆ! ಉತ್ಸವದ ದಿನ ದೇವರು ಒಳಗಿನಿಂದ ಹೊರಗೆ ಬರುತ್ತಾನೆ, ಜನ ಹೊರಗಿನಿಂದ ಒಳಗೆ ಬರುತ್ತಾರೆ. ಇಬ್ಬರೂ ಕೂಡುವ ಎಡೆಯೇ ಈ ಅಂಗಳ. ಆದುದರಿಂದ ಇದನ್ನು ನಮ್ಮ ನಗರಚೌಕವೆಂದರೆ ತಪ್ಪಾಗಲಾರದು.

ಆದರೆ ಒಂದು ಮಾತನ್ನು ಮರೆಮಾಚುವುದು ಇತಿಹಾಸಕ್ಕೆ ಸಲ್ಲದು. ಸಿಯೆನಾದ ಚೌಕಕ್ಕೆ ಬೀದಿಗಳು ಬಂದು ಸೇರುತ್ತವೆ. ನಮ್ಮ ಚೌಕಕ್ಕೆ ಗೋಡೆಯುಂಟು, ಬಾಗಿಲುಂಟು. ಬಾಗಿಲುಳ್ಳಲ್ಲಿ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಪ್ರಶ್ನೆಯೂ ಉಂಟು. ನಾಡಿನ ದೇವಾಲಯಗಳ ಮುಂದೆ ಅಸ್ಪೃಶ್ಯರೆನಿಸಿಕೊಂಡವರು ಗೋಪುರವನ್ನಷ್ಟೇ ನೋಡಿ, ಹೊರಗಿನಿಂದಲೇ ಕೈಮುಗಿದು ಹಿಂದಿರುಗಿದ ಕಾಲ ಬಹಳ ದೀರ್ಘವಾದುದು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿತು.

ನಾವು ಇಂಥ ಕಟ್ಟಡಗಳ ಮುಂದೆ ನಿಂತು ಶಿಲ್ಪಿಯ ಕೈಚಳಕವನ್ನು ಕೊಂಡಾಡುತ್ತೇವೆ, ಕೊಂಡಾಡತಕ್ಕದ್ದೇ. ಆದರೆ ಅಷ್ಟು ಎತ್ತರದ ಬಾಗಿಲನ್ನು ನಿಲ್ಲಿಸಿದವರ ಶ್ರಮ ಸಾರ್ಥಕವಾಗುವುದು ಅದರ ಕೆಳಗೆ ಎಲ್ಲರೂ ತಲೆಯೆತ್ತಿ ನಡೆದಾಗ. ಕಲ್ಲಿನ ಕೆಲಸವನ್ನು ಅವರು ಮುಗಿಸಿ ಹೋದರು. ಉಳಿದ ಕೆಲಸ ನಮ್ಮದು.