ಸುವರ್ಣ ತ್ರಿಭುಜ

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಆಳಸಮುದ್ರ ಮೀನುಗಾರಿಕೆಗೆ ಹೊರಟ ಬೋಟು. ಉಡುಪಿ ಜಿಲ್ಲೆಯ ಇಬ್ಬರು, ಉತ್ತರ ಕನ್ನಡದ ಐವರು ಅದರಲ್ಲಿದ್ದರು. 15ರ ರಾತ್ರಿ ಸಂಪರ್ಕ ಕಡಿಯಿತು. ಸಿಂಧುದುರ್ಗದ ಕಡೆ ಸಿಕ್ಕ ಮೀನಿನ ಪ್ಲಾಸ್ಟಿಕ್ ಪೆಟ್ಟಿಗೆಗಳು ಈ ಬೋಟಿನವೇ ಇರಬೇಕೆಂದು ಊಹಿಸಲಾಯಿತು, ಬೇರೇನೂ ಸುಳಿವಿಲ್ಲ. ಹುಡುಕಾಟ ಚುರುಕಾಗಲೆಂದು ಜನವರಿಯಲ್ಲಿ ಸಾವಿರಾರು ಮೀನುಗಾರರು ದುಡಿಮೆ ಬಿಟ್ಟು ಉಡುಪಿಯ ಹೆದ್ದಾರಿಗಿಳಿದರು. ಏಳು ಮನೆಗಳು ನಾಲ್ಕೂವರೆ ತಿಂಗಳು ದಾರಿ ಕಾದವು.

2019ರ ಮೇ ಆರಂಭದಲ್ಲಿ ಸುದ್ದಿ ಬಂತು. ಮುಳುಗುಗಾರರ ನೆರವಿಗೆಂದೇ ಇರುವ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್, ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆಹಚ್ಚಿತ್ತು. ಮಲ್ಪೆಯ ಮೀನುಗಾರರೂ ಆ ನೌಕೆಯಲ್ಲಿದ್ದರು.

ಹವ್ಯಾಸಿ ಡೈವಿಂಗ್‌ನ ಮಿತಿ 40 ಮೀಟರ್. ನೇತ್ರಾಣಿ ದ್ವೀಪದ ಬಳಿ ಹವಳ ನೋಡಲು ಇಳಿಯುವವರಿಗೆ ಈ ಜಾಗ ನಿಲುಕದು. ಅದೇ ಸರಿ, ಅದು ಸಮಾಧಿಯಿದ್ದಂತೆ: ಏಳು ಮಂದಿಯಲ್ಲಿ ಯಾರ ದೇಹವೂ ದಡ ಸೇರಿಲ್ಲ.